ಕಾಮಾಲೆಯ ಹಿಂದೆ ಅಡಗುವ ಗಡ್ಡೆ

ಕಣ್ಣು ಹಳದಿಯಾದರೆ ಸಾಕು, 'ಕಾಮಾಲೆ' ಎಂದು ಮನೆಮಂದಿಯೇ ತೀರ್ಮಾನಿಸಿ ನಾಟಿ ಔಷಧಿಗೆ ಹೊರಡುವುದು ನಮ್ಮಲ್ಲಿ ಇಂದಿಗೂ ಉಂಟು. ಆದರೆ ಕಾಮಾಲೆ ಒಂದು ರೋಗವಲ್ಲ, ರೋಗದ ಚಿಹ್ನೆ. ಅನೇಕ ಸಲ ಅದಕ್ಕೆ ವೈರಸ್ ಸೋಂಕು ಕಾರಣ. ಅಪರೂಪಕ್ಕೆ ಪಿತ್ತನಾಳದ ಕ್ಯಾನ್ಸರ್ ಗಡ್ಡೆಯೂ ಕಾರಣವಾಗಬಹುದು. ಆಗ ವ್ಯರ್ಥವಾಗುವ ಒಂದೊಂದು ವಾರವೂ ದುಬಾರಿ.

ಪಿತ್ತಜನಕಾಂಗ ಅಥವಾ ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ತಯಾರಿಸುತ್ತದೆ. ಅದರ ಎಡ, ಬಲ ಭಾಗಗಳಿಂದ ಬರುವ ನಾಳಗಳು ಕೂಡಿ ಒಂದಾಗಿ ಸಣ್ಣ ಕರುಳನ್ನು ಸೇರುತ್ತವೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಉಂಟಾಗುವ ಬಿಲಿರುಬಿನ್ ಎಂಬ ಹಳದಿ ವಸ್ತು ಹೊರಹೋಗುವುದೂ ಇದೇ ದಾರಿಯಲ್ಲಿ. ಮಲಕ್ಕೆ ಕಂದು ಬಣ್ಣ ಬರುವುದೂ ಅದರಿಂದಲೇ. ನಾಳ ಕಟ್ಟಿಕೊಂಡರೆ ಏನಾಗುತ್ತದೆ? ಬಿಲಿರುಬಿನ್ ರಕ್ತಕ್ಕೆ ಮರಳುತ್ತದೆ. ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ, ಮೈಯೆಲ್ಲ ತುರಿಕೆ. ಅನೇಕರಿಗೆ ನೋವೇ ಇರುವುದಿಲ್ಲ. ಮೋಸ ಇರುವುದು ಇಲ್ಲಿಯೇ.

ಎರಡು ನಾಳಗಳು ಕೂಡುವ ಜಾಗದ ಗಡ್ಡೆಯನ್ನು ಅಮೆರಿಕದ ವೈದ್ಯ ಜೆರಾಲ್ಡ್ ಕ್ಲಾಟ್‌ಸ್ಕಿನ್ 1965ರಲ್ಲಿ ವಿವರವಾಗಿ ವರ್ಣಿಸಿದರು. ಇದಕ್ಕೆ ಅವರದೇ ಹೆಸರು ಉಳಿದಿದೆ. ಇಲ್ಲಿ ಚಿಕ್ಕ ಗಡ್ಡೆಯೂ ಪಿತ್ತರಸದ ಹರಿವನ್ನೇ ತಡೆಯಬಲ್ಲದು.

ಪತ್ತೆ ಹಚ್ಚುವ ಮೊದಲ ಹೆಜ್ಜೆ ರಕ್ತಪರೀಕ್ಷೆ ಮತ್ತು ಅಲ್ಟ್ರಾಸೌಂಡ್. ಕಾಲುವೆಗೆ ಅಡ್ಡಗಟ್ಟಿದರೆ ಮೇಲ್ಭಾಗದಲ್ಲಿ ನೀರು ನಿಲ್ಲುವಂತೆ, ತಡೆಯ ಮೇಲಿನ ನಾಳಗಳು ಉಬ್ಬಿರುವುದು ಇದರಲ್ಲಿ ಕಾಣುತ್ತದೆ. ಸಿ.ಟಿ., ಎಂ.ಆರ್.ಐ. ಸ್ಕ್ಯಾನ್‌ಗಳು ತಡೆಯ ಜಾಗವನ್ನು ತೋರಿಸುತ್ತವೆ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಪುಟ್ಟ ಬ್ರಷ್‌ನಿಂದ ಜೀವಕೋಶಗಳನ್ನು ತೆಗೆದು ಪರೀಕ್ಷಿಸುವುದೂ ಉಂಟು. ಗಡ್ಡೆ ನಾರುನಾರಾಗಿದ್ದರೆ ಬ್ರಷ್‌ಗೆ ಕ್ಯಾನ್ಸರ್ ಕೋಶ ಸಿಗದೆ ಹೋಗಬಹುದು. ಕೆಲವು ಬಗೆಯ ಉರಿಯೂತವೂ ಸ್ಕ್ಯಾನ್‌ನಲ್ಲಿ ಗಡ್ಡೆಯಂತೆಯೇ ಕಾಣಬಹುದು. ಆದ್ದರಿಂದ ಒಂದೇ ಪರೀಕ್ಷೆಯನ್ನು ನಂಬಿ ವೈದ್ಯರು ತೀರ್ಪು ಕೊಡುವುದಿಲ್ಲ.

ರೋಗ ಗುಣವಾಗುವ ಹೆಚ್ಚಿನ ಭರವಸೆ ಇರುವುದು ಶಸ್ತ್ರಚಿಕಿತ್ಸೆಯಲ್ಲಿ. ಕೆಲವೊಮ್ಮೆ ಲಿವರ್‌ನ ಒಂದು ಭಾಗವನ್ನೂ ತೆಗೆಯಬೇಕಾಗುತ್ತದೆ. ಆರೋಗ್ಯವಾಗಿ ಉಳಿದ ಭಾಗ ಮತ್ತೆ ಬೆಳೆಯಬಲ್ಲದು. ಆದರೆ ತಡವಾಗಿ ಬಂದ ಅನೇಕರಿಗೆ ಈ ಅವಕಾಶ ಇರುವುದಿಲ್ಲ. ಅಂಥವರ ನಾಳದಲ್ಲಿ ಸ್ಟೆಂಟ್ ಎಂಬ ಪುಟ್ಟ ಕೊಳವೆ ಇಟ್ಟು ಪಿತ್ತರಸಕ್ಕೆ ದಾರಿ ಮಾಡುತ್ತಾರೆ. ಜೆಮ್‌ಸಿಟಬಿನ್ ಒಂದನ್ನೇ ಕೊಡುವುದಕ್ಕಿಂತ ಸಿಸ್‌ಪ್ಲಾಟಿನ್ ಜೊತೆಗೆ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆಂದು 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿತು. ಆಗ ಸರಾಸರಿ ಆಯುಷ್ಯ ಸುಮಾರು 8 ತಿಂಗಳಿಂದ 12 ತಿಂಗಳಿಗೆ ಏರಿತ್ತು. ಔಷಧಿಯ ಮಿತಿ ಏನೆಂಬುದನ್ನು ಈ ಅಂಕಿಯೇ ಹೇಳುತ್ತದೆ.

ಹಳದಿ ಕಣ್ಣು ಕಂಡ ಮೇಲೆ ಕಾರಣ ಯಾವುದೆಂದು ಮನೆಯಲ್ಲಿ ಊಹಿಸುತ್ತ ಕೂರಬಾರದು. ಮೊದಲು ರಕ್ತಪರೀಕ್ಷೆ ಆಗಲಿ.