ಪಥ್ಯಕ್ಕೊಂದು ಜಾತ್ರೆಯ ದಿನ

ದೇಹದ ತೂಕವನ್ನು ಇಳಿಸಲೇಬೇಕೆಂದು ಸಂಕಲ್ಪಿಸಿ, ತಟ್ಟೆಯ ಅನ್ನವನ್ನು ಅರ್ಧಕ್ಕೆ ತಗ್ಗಿಸಿ, ಚಹದ ಸಕ್ಕರೆಯನ್ನು ತೊರೆದು, ಬೆಳಗಿನ ಜಾವದಲ್ಲಿ ಊರ ಹೊರಗಿನ ರಸ್ತೆಯಲ್ಲಿ ಬಿರುಸಾಗಿ ನಡೆಯುವ ನೇಮವನ್ನು ಕೈಕೊಂಡವರು, ಎರಡು ವಾರ ಕಳೆಯುವಷ್ಟರಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: ಎಂದಾದರೊಮ್ಮೆ ಒಂದು ಪ್ಲೇಟ್ ಗೋಬಿ ಮಂಚೂರಿ ತಿಂದರೆ ಅಷ್ಟು ದಿನ ಬಾಯಿ ಕಟ್ಟಿದ್ದೆಲ್ಲವೂ ವ್ಯರ್ಥವಾಗುವುದೇ? ಪ್ರಶ್ನೆಯು ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಿದರೂ, ಎಷ್ಟೋ ಜನರ ಪಥ್ಯವು ನಿಲ್ಲುವುದೂ ಕುಸಿಯುವುದೂ ಇದಕ್ಕೆ ಅವರು ಕಂಡುಕೊಂಡ ಉತ್ತರವನ್ನೇ ಅವಲಂಬಿಸಿದೆ. ವ್ಯರ್ಥವಾಗದು ಎಂಬುದೇ ನನ್ನ ಉತ್ತರ. ಆದರೆ ಆ ತಿನಿಸಿಗೆ ಮೊದಲೇ ಗೊತ್ತುಮಾಡಿದ ಒಂದು ದಿನವಿರಬೇಕು, ಮತ್ತು ಆ ದಿನವು ವಿರಳವಾಗಿರಬೇಕು.

ಈ ಮಾತನ್ನು ಪರೀಕ್ಷಿಸಿ ನೋಡುವುದಕ್ಕೆ ಜಡೆಯ ಸೀಮೆಗಿಂತ ಉಚಿತವಾದ ಕ್ಷೇತ್ರ ದೊರೆಯುವುದು ದುರ್ಲಭ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿಗೆ ಸೇರಿದ ಈ ಹೋಬಳಿಯ ಆಸುಪಾಸಿನಲ್ಲಿ ಮಲೆನಾಡು ತನ್ನ ಕಾಡನ್ನು ಕಳಚಿಕೊಂಡು ಬಯಲುಸೀಮೆಯಾಗಿ ಹರಡತೊಡಗುತ್ತದೆ. ಒಂದು ದಿಕ್ಕಿನಿಂದ ಅಕ್ಕಿರೊಟ್ಟಿಯೂ ಕಡುಬೂ ಬಂದರೆ, ಹಾನಗಲ್ಲು ಹಿರೇಕೆರೂರುಗಳ ದಿಕ್ಕಿನಿಂದ ಜೋಳದ ರೊಟ್ಟಿಯೂ ಗಿರ್ಮಿಟ್ಟೂ ಮಿರ್ಚಿ ಮಂಡಕ್ಕಿಯೂ ಬರುತ್ತವೆ. ಎರಡು ಸೀಮೆಗಳ ರುಚಿಯನ್ನೂ ಬಲ್ಲ ನಾಲಗೆಯನ್ನು ಪಡೆದ ಈ ಜನರು, ಆ ನಾಲಗೆಯನ್ನು ಅಂಕೆಯಲ್ಲಿಡುವ ಉಪಾಯವನ್ನೂ ಹಿಂದಿನಿಂದ ಬಲ್ಲವರಾಗಿದ್ದರು.

ಆ ಉಪಾಯವು ಪಂಚಾಂಗದಲ್ಲಿ ಅಡಗಿತ್ತು. ಆಶ್ವಯುಜದ ಪೌರ್ಣಮಿಯಂದು, ಭೂಮಿ ಹುಣ್ಣಿಮೆಯೆಂದು ಈ ಭಾಗದವರು ಕರೆಯುವ ದಿನ, ತೆನೆಯೊಡೆಯುವ ಗದ್ದೆಯನ್ನು ಬಸಿರಾದ ಹೆಣ್ಣುಮಗಳೆಂದು ಭಾವಿಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು ಕಜ್ಜಾಯಗಳನ್ನು ಹೊತ್ತುಕೊಂಡು ಹೋಗಿ, ಚರಗ ಬೀರಿ, ಬಯಕೆಯೂಟವನ್ನು ಬಡಿಸಿ, ಮನೆಮಂದಿಯೆಲ್ಲ ಗದ್ದೆಯ ಬದುವಿನ ಮೇಲೆಯೇ ಕುಳಿತು ಹೊಟ್ಟೆ ತುಂಬ ಉಣ್ಣುವ ಪದ್ಧತಿ ಇಂದಿಗೂ ಉಳಿದಿದೆ. ದೀಪಾವಳಿ ಕಳೆದ ಮೇಲೆ, ಕೊಂಬಿಗೂ ಕೊರಳಿಗೂ ಕೊಬ್ಬರಿಯ ಸರ ಕಟ್ಟಿಸಿಕೊಂಡ ಹೋರಿಗಳು ಓಡುವ ಹಬ್ಬ ಊರೂರಿನಲ್ಲಿಯೂ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆಯ ಜಾತ್ರೆ, ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಜಾತ್ರೆ. ಎಣ್ಣೆಯಲ್ಲಿ ಕರಿದ ತಿನಿಸು, ಬೆಲ್ಲದ ಪಾಕ, ಬೆಂಡು ಬತ್ತಾಸು ಇವುಗಳಿಗೆಲ್ಲ ಇಂಥ ದಿನಗಳೇ ಮೀಸಲಾಗಿದ್ದವು. ಅವುಗಳ ಎದುರಿಗೆ ಸೋಮವಾರದ ಒಪ್ಪತ್ತು, ಏಕಾದಶಿಯ ಉಪವಾಸ, ರಂಜಾನಿನ ಉಪವಾಸಗಳು ತಮ್ಮ ಪಾಲಿನ ಅಂಕೆಯನ್ನು ಹಾಕುತ್ತಿದ್ದವು. ಕಜ್ಜಾಯವನ್ನು ಯಾರೂ ಪಾಪವೆಂದು ಎಣಿಸಲಿಲ್ಲ, ಯಾರೂ ಅದನ್ನು ದಿನವೂ ತಿನ್ನಲಿಲ್ಲ. ಮಿತಿಯನ್ನು ಪ್ರತಿಯೊಬ್ಬನೂ ತನ್ನ ಮನೋಬಲದಿಂದಲೇ ಕಾಯಬೇಕಾಗಿರಲಿಲ್ಲ. ಪಂಚಾಂಗವೂ ಬಡತನವೂ ಕೂಡಿ ಆ ಭಾರವನ್ನು ಹೊತ್ತಿದ್ದವು. ಅದರ ಜೊತೆಗೆ, ನೇಗಿಲು ಹಿಡಿದು, ಸಸಿ ಕಿತ್ತು, ನಾಟಿ ಮಾಡಿ, ಹೊರೆ ಹೊತ್ತು ಬೆವರು ಹರಿಸಿದ ಮೈಗಳು ಹಬ್ಬದ ಎಣ್ಣೆಯನ್ನು ಎರಡೇ ದಿನಗಳಲ್ಲಿ ಕರಗಿಸಿಬಿಡುತ್ತಿದ್ದವು.

ಈಗ ಜಾತ್ರೆಯು ಪ್ರತಿ ಸಂಜೆಯೂ ನೆರೆಯುತ್ತದೆ. ಸೊರಬ, ಆನವಟ್ಟಿ, ಶಿರಾಳಕೊಪ್ಪ, ಶಿಕಾರಿಪುರ ಮುಂತಾದ ಊರುಗಳ ಬಸ್ ನಿಲ್ದಾಣದ ಬಳಿ ಹೊತ್ತು ಮುಳುಗುವ ವೇಳೆಗೆ ಗಾಡಿಗಳು ಸಾಲುಗಟ್ಟುತ್ತವೆ. ಗೋಬಿ, ನೂಡಲ್ಸ್, ಎಗ್ ರೈಸ್, ಕಬಾಬ್, ಪಾನಿಪೂರಿಗಳ ಹೆಸರು ಬರೆದ ಬಣ್ಣದ ಫಲಕಗಳು ಬೆಳಗುತ್ತವೆ. ಇದೇ ಅವಧಿಯಲ್ಲಿ ಉಳುಮೆಯು ಟ್ರ್ಯಾಕ್ಟರಿಗೂ ಕೊಯ್ಲು ಯಂತ್ರಕ್ಕೂ ಸಂದು, ನಡೆದು ಹೋಗುತ್ತಿದ್ದ ದಾರಿಯನ್ನು ಬೈಕು ನುಂಗಿ, ಮೈಯ ದುಡಿಮೆ ಇಳಿದಿದೆ. ಅನ್ನದ ರಾಶಿ ಮಾತ್ರ ಇಳಿದಿಲ್ಲ.

ಕ್ಷಿಪ್ರಾಹಾರವು ಕರ್ನಾಟಕವನ್ನು ಪ್ರವೇಶಿಸಿದಾಗ ನಡೆದ ಕೋಲಾಹಲವನ್ನು ಹಿರಿಯರು ಮರೆತಿರಲಾರರು. ಕೆಂಟಕಿ ಫ್ರೈಡ್ ಚಿಕನ್ ಸಂಸ್ಥೆಯು ಭಾರತದಲ್ಲಿ ತನ್ನ ಮೊದಲ ಅಂಗಡಿಯನ್ನು 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದಾಗ, ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘವು, ಎಂದರೆ ಶಿವಮೊಗ್ಗದ ನೆಲದಲ್ಲಿ ಬೇರುಬಿಟ್ಟು ಬೆಳೆದ ಆ ಸಂಘಟನೆಯೇ, ಅದನ್ನು ಪ್ರತಿಭಟಿಸಿತು. 1996ರ ಜನವರಿ 30ರಂದು ಕಾರ್ಯಕರ್ತರು ಆ ಅಂಗಡಿಗೆ ನುಗ್ಗಿದ ಸುದ್ದಿ ದೇಶದಾದ್ಯಂತ ಹಬ್ಬಿತು. ಆದರೆ ನಮ್ಮ ಹಳ್ಳಿಗಳನ್ನು ಗೆದ್ದುಕೊಂಡದ್ದು ಆ ವಿದೇಶೀ ಕೋಳಿಯಲ್ಲ. ಮುಂಬಯಿಯಲ್ಲಿ 1970ರ ದಶಕದಲ್ಲಿ ನೆಲ್ಸನ್ ವಾಂಗ್ ಎಂಬ ಚೀನೀ ಮೂಲದ ಬಾಣಸಿಗನು ಕಲ್ಪಿಸಿದನೆಂದು ಪ್ರಸಿದ್ಧವಾಗಿರುವ ಮಂಚೂರಿಯೆಂಬ ಭಕ್ಷ್ಯವು, ಕೋಳಿಯ ಸ್ಥಾನದಲ್ಲಿ ಹೂಕೋಸನ್ನು ಸ್ವೀಕರಿಸಿ, ಸಸ್ಯಾಹಾರಿಗಳ ಒಪ್ಪಿಗೆಯನ್ನೂ ಪಡೆದು, ಯಾವ ಪ್ರತಿಭಟನೆಯೂ ಇಲ್ಲದೆ ನಾಲ್ಕು ಚಕ್ರದ ಗಾಡಿಯೇರಿ ಊರೊಳಕ್ಕೆ ಬಂದುಬಿಟ್ಟಿತು.

ಆ ಗಾಡಿಯ ಮಗ್ಗುಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡುವುದು ಪಥ್ಯದವರಿಗೆ ಹಿತಕರ. ಬಿಡಿಸಿದ ಹೂಕೋಸಿನ ತುಂಡುಗಳು ಮೈದಾ ಮತ್ತು ಕಾರ್ನ್‌ಫ್ಲೋರಿನ ಹಿಟ್ಟಿನಲ್ಲಿ ಮಿಂದು, ಮಧ್ಯಾಹ್ನವೇ ಒಮ್ಮೆ ಅರೆಬರೆ ಕರಿಯಲ್ಪಟ್ಟು, ಗಾಜಿನ ಪೆಟ್ಟಿಗೆಯಲ್ಲಿ ಗುಡ್ಡೆಯಾಗಿ ಕಾದಿರುತ್ತವೆ. ಗಿರಾಕಿಯು "ಅಣ್ಣಾ, ಒಂದು ಪ್ಲೇಟ್ ಗೋಬಿ, ಖಾರ ಸ್ವಲ್ಪ ಜಾಸ್ತಿ ಇರಲಿ" ಎಂದೊಡನೆ ಅವು ಮತ್ತೊಮ್ಮೆ ಬಾಂಡಲೆಗೆ ಬೀಳುತ್ತವೆ. ಅತ್ತ ಭೋರ್ಗರೆಯುವ ಉರಿಯ ಮೇಲಿನ ಇನ್ನೊಂದು ಬಾಣಲೆಯಲ್ಲಿ ಮತ್ತೊಂದು ಸೌಟು ಎಣ್ಣೆ, ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಸೋಯಾ ಸಾಸ್, ಟೊಮೆಟೊ ಸಾಸ್, ಒಂದು ಚಿಟಿಕೆ ಟೇಸ್ಟಿಂಗ್ ಪೌಡರ್ ಇವುಗಳ ಸಮಾಗಮವಾಗಿ, ಸಟ್ಟುಗವು ಲೋಹದ ಮೇಲೆ ಟಣಟಣನೆ ತಾಳ ಹಾಕುತ್ತದೆ. ತರಕಾರಿ ತಿಂದೆನೆಂಬ ಸಮಾಧಾನದಿಂದ ಕಾಗದದ ತಟ್ಟೆಯನ್ನು ಕೈಗೆತ್ತಿಕೊಳ್ಳುವವನು ನಿಜವಾಗಿ ತಿನ್ನುವುದು ಬಹುಮಟ್ಟಿಗೆ ಮೈದಾವನ್ನೂ ಎಣ್ಣೆಯನ್ನೂ ಉಪ್ಪನ್ನೂ.

ಎಣ್ಣೆಯು ಒಳಸೇರುವ ಬಗೆಯನ್ನು ತಿಳಿಯುವುದು ಕಷ್ಟವಲ್ಲ. ಕಾದ ಎಣ್ಣೆಯಲ್ಲಿ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬೀಳುವಾಗ ಅದು ಬಿಟ್ಟುಹೋದ ರಂಧ್ರಗಳು ಬರಿದಾಗಿ ಉಳಿಯುತ್ತವೆ; ತುಂಡನ್ನು ಹೊರತೆಗೆದು ಅದು ತಣಿಯತೊಡಗಿದಾಗ, ಮೇಲ್ಮೈಗೆ ಅಂಟಿದ ಎಣ್ಣೆಯು ಆ ರಂಧ್ರಗಳೊಳಕ್ಕೆ ಸೆಳೆಯಲ್ಪಡುತ್ತದೆ. ಎರಡು ಬಾರಿ ಕರಿದ ಪದಾರ್ಥಕ್ಕೆ ಈ ಅವಕಾಶವೂ ಎರಡು ಬಾರಿ. ಪಿಷ್ಟ ಮತ್ತು ಪ್ರೋಟೀನುಗಳು ಗ್ರಾಮಿಗೆ 4 ಕ್ಯಾಲೊರಿಯಷ್ಟು ಶಕ್ತಿಯನ್ನು ಕೊಟ್ಟರೆ ಎಣ್ಣೆಯು 9 ಕ್ಯಾಲೊರಿಯನ್ನು ಕೊಡುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯೆಂದರೆ ಸುಮಾರು 125 ಕ್ಯಾಲೊರಿ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಹಾನಿಕರ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಕೂಡದೆಂದು 2018ರಿಂದ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಆದರೆ ಗಾಡಿಯ ಮುಂದೆ ನಿಂತವನ ಪಾಲಿಗೆ ಬಾಂಡಲೆಯ ಕಪ್ಪು, ನೊರೆ ಮತ್ತು ಕಮಟು ವಾಸನೆಗಳೇ ಸಾಕ್ಷಿ. ಬಣ್ಣದ ವಿಷಯದಲ್ಲಿ ಸರ್ಕಾರವೇ ಕಣ್ಣು ತೆರೆಸಿತು: ರಾಜ್ಯದ ಆರೋಗ್ಯ ಇಲಾಖೆಯು ಸಂಗ್ರಹಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದ ಮೇಲೆ, 2024ರ ಮಾರ್ಚ್ 11ರಂದು ಆರೋಗ್ಯ ಸಚಿವರಾದ ದಿನೇಶ್ ಗುಂಡೂರಾವ್ ಅವರು ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದು ನಿಷಿದ್ಧವೆಂದು ಪ್ರಕಟಿಸಿದರು, ಅದೇ ವರ್ಷದ ಜೂನ್ ತಿಂಗಳಲ್ಲಿ ಕಬಾಬಿನ ಬಣ್ಣಕ್ಕೂ ಅದೇ ಗತಿಯಾಯಿತು. ನಿಷೇಧವಾದದ್ದು ಬಣ್ಣವೇ ಹೊರತು ಗೋಬಿಯಲ್ಲ. ಆದುದರಿಂದ ಕೆಂಪಗೆ ಹೊಳೆಯದ, ಮಂಕಾದ ಕಂದು ಬಣ್ಣದ ಗೋಬಿಯನ್ನು ಮಾರುವವನೇ ಉತ್ತಮನೆಂದು ತಿಳಿಯತಕ್ಕದ್ದು.

ಇನ್ನು ಲೆಕ್ಕಕ್ಕೆ ಬರೋಣ. ದಿನಕ್ಕೆ 2000 ಕ್ಯಾಲೊರಿ ವ್ಯಯಿಸುವ ಒಬ್ಬ ಗೃಹಸ್ಥನು ಪಥ್ಯದಿಂದ ಪ್ರತಿದಿನ 300 ಕ್ಯಾಲೊರಿಯನ್ನು ಕಡಿಮೆ ಮಾಡುತ್ತಾನೆಂದು ಇಟ್ಟುಕೊಂಡರೆ, ವಾರಕ್ಕೆ 2100 ಕ್ಯಾಲೊರಿಯ ಉಳಿತಾಯವಾಯಿತು. ಶನಿವಾರ ಸಂತೋಷಕ್ಕೆಂದು 600 ಕ್ಯಾಲೊರಿಯನ್ನು ಹೆಚ್ಚಾಗಿ ತಿಂದರೂ 1500 ಅವನ ಕೈಯಲ್ಲಿಯೇ ಉಳಿಯುತ್ತದೆ. ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸ್ಥೂಲವಾಗಿ 7700 ಕ್ಯಾಲೊರಿ ಅಡಗಿರುವುದರಿಂದ, ಇಳಿತವು ನಿಧಾನವಾದೀತೇ ವಿನಾ ನಿಲ್ಲಲಾರದು. ಅದೇ ಗೃಹಸ್ಥನು ಪ್ರತಿ ಸಂಜೆ ಎರಡು ಮಿರ್ಚಿಯನ್ನೋ ಅರ್ಧ ಪ್ಲೇಟ್ ಗೋಬಿಯನ್ನೋ ಸೇವಿಸುತ್ತ ದಿನಕ್ಕೆ 300 ಕ್ಯಾಲೊರಿ ಕೂಡಿಸಿಕೊಂಡರೆ, ವಾರದ ಕೊನೆಗೆ ಉಳಿಯುವುದು ಸೊನ್ನೆ. ಬಾಯಿ ಕಟ್ಟಿದ ಶ್ರಮ ಮಾತ್ರ ಬಾಕಿ. ಶನಿವಾರ ತಿಂದು ಭಾನುವಾರ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತವರಿಗೆ ಮುಳ್ಳು ಒಂದು ಕಿಲೋ ಮೇಲೇರಿದ್ದು ಕಂಡು ಎದೆ ಧಸಕ್ಕೆನ್ನುವುದುಂಟು. ಆ ಏರಿಕೆಯು ಬಹುಪಾಲು ನೀರು: ಹೆಚ್ಚಿದ ಉಪ್ಪು ದೇಹದಲ್ಲಿ ನೀರನ್ನು ತಡೆಹಿಡಿಯುತ್ತದೆ, ಪಿಷ್ಟವು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗುವಾಗ ತನ್ನ ಮೂರು ಪಾಲಿನಷ್ಟು ನೀರನ್ನು ಜೊತೆಗಿರಿಸಿಕೊಳ್ಳುತ್ತದೆ. ಪಥ್ಯದ ಅಡಿಗೆಗೆ ಮರಳಿದರೆ ಕೆಲವೇ ದಿನಗಳಲ್ಲಿ ಅದು ಇಳಿದುಹೋಗುವುದು.

ಲೆಕ್ಕಕ್ಕಿಂತಲೂ ಸೂಕ್ಷ್ಮವಾದದ್ದು ಮನಸ್ಸಿನ ವ್ಯಾಪಾರ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮಿನ ರುಚಿ ನೋಡಿರೆಂದು ಬೇಕಾದಷ್ಟನ್ನು ಎದುರಿಗಿರಿಸಲಾಯಿತು. ನಿರಾತಂಕವಾಗಿ ಉಣ್ಣುವವರು, ಹೊಟ್ಟೆಯಲ್ಲಿ ಆಗಲೇ ಮಿಲ್ಕ್‌ಶೇಕ್ ಇದ್ದುದರಿಂದ, ಐಸ್‌ಕ್ರೀಮನ್ನು ಕಡಿಮೆ ತಿಂದರು. ಸದಾ ಬಾಯಿ ಬಿಗಿಹಿಡಿಯುವ ಸ್ವಭಾವದವರು ಹೆಚ್ಚು ತಿಂದರು. ನೇಮವು ಹೇಗೂ ಮುರಿಯಿತಲ್ಲ, ಇನ್ನೇತಕ್ಕೆ ಸಂಕೋಚ ಎಂಬ ಭಾವವು ಒಳಗಿನಿಂದ ಅವರನ್ನು ನೂಕಿತೆಂದು ಈ ನಡವಳಿಕೆಯನ್ನು ಮುಂದೆ ವಿವರಿಸಿದರು. ನಮ್ಮಲ್ಲಿಯೂ ಮಧ್ಯಾಹ್ನ ಮದುವೆಮನೆಯಲ್ಲಿ ಎರಡು ಹೋಳಿಗೆ ತಿಂದವರು "ಇವತ್ತು ಪಥ್ಯ ಕೆಟ್ಟಿತು, ನಾಳೆಯಿಂದ ಶುರು" ಎಂದುಕೊಂಡು, ಸಂಜೆ ಎಗ್ ರೈಸನ್ನೂ ರಾತ್ರಿ ಐಸ್‌ಕ್ರೀಮನ್ನೂ ಮುಗಿಸುವುದನ್ನು ಕಾಣದವರಾರು? ಕೆಡುಕು ಮಾಡಿದ್ದು ಆ ಎರಡು ಹೋಳಿಗೆಗಳಿಗಿಂತಲೂ ಮಿಗಿಲಾಗಿ, ಅವುಗಳ ಹಿಂದೆಯೇ ಬಂದ ಹತಾಶೆ. ಮೊದಲೇ ಗೊತ್ತುಮಾಡಿದ ದಿನದಂದು ತಿಂದ ತಿನಿಸಿನಿಂದ ನೇಮವು ಮುರಿಯುವುದೇ ಇಲ್ಲವಾದ್ದರಿಂದ, ಈ ಹತಾಶೆಗೆ ಎಡೆಯೂ ಇರುವುದಿಲ್ಲ. ಗೊತ್ತುಮಾಡಿದ ದಿನಕ್ಕಿರುವ ದೊಡ್ಡ ಪ್ರಯೋಜನವೇ ಇದು.

ಹಾಗಾದರೆ ವಾರಕ್ಕೆ ನಾಲ್ಕು ದಿನ ಗೊತ್ತುಮಾಡಿಕೊಳ್ಳಬಾರದೇಕೆ ಎಂದು ಚತುರರು ಕೇಳಿಯಾರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವು ಅವರಿಗೆ ಉತ್ತರ ಕೊಡುತ್ತದೆ. ಇಪ್ಪತ್ತು ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ, ಎರಡು ವಾರ ಸಹಜ ಪದಾರ್ಥಗಳ ಅಡಿಗೆಯನ್ನೂ ಬೇಕಾದಷ್ಟು ಉಣ್ಣಲು ಕೊಟ್ಟಾಗ, ಮೊದಲನೆಯದರಲ್ಲಿ ಅವರು ಅರಿವಿಲ್ಲದೆಯೇ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ತಿಂದು ಸುಮಾರು 0.9 ಕಿಲೋ ತೂಕ ಹೆಚ್ಚಿಸಿಕೊಂಡರು. ಮೆತ್ತಗಾಗಿ, ಬೇಗ ಬೇಗ ಗಂಟಲಿಳಿಯುವ ತಿನಿಸು ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟುವ ಮೊದಲೇ ಮುಗಿದುಹೋಗಿರುತ್ತದೆ. ಅಭ್ಯಾಸವಾದ ನಾಲಗೆಗೆ ಮನೆಯ ಸೊಪ್ಪಿನ ಸಾರು ಸಪ್ಪೆಯೆನಿಸತೊಡಗುವುದು ಇನ್ನೊಂದು ನಷ್ಟ.

ಆಚರಣೆಯಲ್ಲಿ ಇದನ್ನು ಸಾಧಿಸುವ ಕ್ರಮವು ಕಠಿಣವಲ್ಲ. ದಿನವನ್ನು ಹಸಿವಾದಾಗ ಆರಿಸದೆ ಹೊಟ್ಟೆ ತುಂಬಿದಾಗ ಆರಿಸಬೇಕು. ಸಂತೆಯ ದಿನವೋ ತಿಂಗಳ ಮೊದಲ ಭಾನುವಾರವೋ ಆದರೆ ನೆನಪಿಡುವುದು ಸುಲಭ. ಅಂದು ಉಪವಾಸವಿದ್ದು ಗಾಡಿಗೆ ಹೋದವನು ಒಂದರ ಬದಲು ಎರಡು ಪ್ಲೇಟ್ ತಿಂದೇ ಬರುವನಾದ್ದರಿಂದ, ಮಧ್ಯಾಹ್ನ ಬೇಳೆ, ಮಜ್ಜಿಗೆ, ಪಲ್ಯಗಳೊಡನೆ ಸರಿಯಾಗಿ ಊಟ ಮಾಡಿರುವುದೇ ಲೇಸು. ಗಾಡಿಯ ಬಳಿ ನಿಂತು, "ಅಣ್ಣಾ, ಒಂದೇ ಪ್ಲೇಟ್ ಕೊಡಿ, ಇಬ್ಬರಿಗೆ, ಬಣ್ಣ, ಟೇಸ್ಟಿಂಗ್ ಪೌಡರ್ ಎರಡೂ ಬೇಡ" ಎಂದು ಕೇಳುವುದರಲ್ಲಿ ಯಾವ ಮಾನಹಾನಿಯೂ ಇಲ್ಲ. ಕರಿದುದರ ಮೇಲೆ ಕೋಲಾ ಕುಡಿಯದೆ ನೀರು ಕುಡಿದರೆ, 300 ಮಿಲಿಲೀಟರಿನ ಬಾಟಲಿಯಲ್ಲಿರುವ ಸುಮಾರು 30 ಗ್ರಾಂ ಸಕ್ಕರೆ ತಪ್ಪಿತು. ಬಿಸಿಯಾಗಿ, ಕುಳಿತು, ಮೊಬೈಲನ್ನು ಕಿಸೆಯಲ್ಲಿಟ್ಟು, ನಿಧಾನವಾಗಿ ಆಸ್ವಾದಿಸಬೇಕು. ಕದ್ದು ತಿನ್ನುವವನಿಗೆ ರುಚಿಯೂ ದಕ್ಕದು, ಮಿತಿಯೂ ದಕ್ಕದು. ಎರಡು ತಿನಿಸುಗಳಲ್ಲಿ ಆಯ್ಕೆಯಿದ್ದಾಗ ಕರಿದ ಗೋಬಿಗಿಂತ ಮಂಡಕ್ಕಿಯ ಗಿರ್ಮಿಟ್ಟು ವಾಸಿ; ಜೊತೆಯ ಮಿರ್ಚಿ ಒಂದಕ್ಕೆ ನಿಲ್ಲಲಿ.

ಈ ಸ್ವಾತಂತ್ರ್ಯವು ಎಲ್ಲರಿಗೂ ಸಮಾನವಲ್ಲವೆಂಬುದನ್ನೂ ಹೇಳದಿರಲಾಗದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ತೊಂದರೆಯುಳ್ಳವರು ತಮ್ಮ ವೈದ್ಯರನ್ನು ಕೇಳಿಯೇ ಇಂಥ ದಿನವನ್ನು ಇಟ್ಟುಕೊಳ್ಳತಕ್ಕದ್ದು. ದಿನವೊಂದಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವ ಉಪ್ಪಿನಲ್ಲಿ ದೊಡ್ಡ ಪಾಲು ಒಂದೇ ಪ್ಲೇಟಿನಲ್ಲಿ ಮುಗಿದುಹೋಗಬಹುದು. ತಿಂದ ಮೇಲೆ ಅಪರಾಧಭಾವದಿಂದ ಮರುದಿನವೆಲ್ಲ ಉಪವಾಸ ಬೀಳುವವರು, ತಿನ್ನತೊಡಗಿದರೆ ನಿಲ್ಲಿಸಲಾರದವರು, ಇದು ಬಾಯಿಚಪಲವೆಂದು ಉಪೇಕ್ಷಿಸದೆ ವೈದ್ಯರ ನೆರವನ್ನು ಪಡೆಯಬೇಕು. ಮಕ್ಕಳಿಗಂತೂ ಗೋಬಿಯನ್ನು ಬಹುಮಾನವಾಗಿಯೂ, ಅದರ ನಿರಾಕರಣೆಯನ್ನು ಶಿಕ್ಷೆಯಾಗಿಯೂ ಬಳಸುವುದು ಯುಕ್ತವಲ್ಲ.

ಹಬ್ಬದ ಅಡಿಗೆಯನ್ನು ಹಬ್ಬಕ್ಕೇ ಮೀಸಲಿಡುತ್ತಿದ್ದ ಕಾಲದಲ್ಲಿ ಮಿತಿಯನ್ನು ಸಮಾಜವೇ ವಿಧಿಸುತ್ತಿತ್ತು. ಈಗ ಪ್ರತಿಯೊಬ್ಬನೂ ತನ್ನ ಪಂಚಾಂಗವನ್ನು ತಾನೇ ಬರೆದುಕೊಳ್ಳಬೇಕಾಗಿದೆ. ತೂಕವು ಇಳಿಯುವುದಕ್ಕೆ ಆರು ತಿಂಗಳು ಸಾಕಾದೀತು, ಇಳಿದದ್ದು ಇಳಿದಂತೆಯೇ ಉಳಿಯುವುದಕ್ಕೆ ಆಯುಷ್ಯವೇ ಬೇಕು. ಆಯುಷ್ಯಪೂರ್ತಿ ಗೋಬಿಯನ್ನು ಮುಟ್ಟೆನೆಂದು ಆಣೆಯಿಡುವವನಿಗಿಂತ, ತಿಂಗಳಿಗೊಂದು ಸಂಜೆಯನ್ನು ಅದಕ್ಕೆ ಕೊಟ್ಟು ಉಳಿದ ಸಂಜೆಗಳನ್ನು ಮನೆಯ ಊಟಕ್ಕೆ ಉಳಿಸಿಕೊಳ್ಳುವವನ ಪಥ್ಯವೇ ಹೆಚ್ಚು ಕಾಲ ನಡೆಯುವುದು.