‘ಕಠಿಣ ಶಿಕ್ಷೆ’: ಪ್ರಮಾಣವೋ, ಪ್ರಕಾರವೋ?

ಕನ್ನಡದ ‘ಕಠಿಣ ಶಿಕ್ಷೆ’ ಎಂಬ ಪದಪುಂಜಕ್ಕೆ ಎರಡು ಅರ್ಥಗಳಿವೆ. ಸಾಮಾನ್ಯ ಬಳಕೆಯಲ್ಲಿ ಅದು ಉಗ್ರವಾದ ಯಾವುದೇ ದಂಡನೆ. ನ್ಯಾಯಾಲಯದ ಬಳಕೆಯಲ್ಲಿ ದುಡಿಮೆಸಹಿತ ಸೆರೆವಾಸ. ಎರಡರಲ್ಲೂ ವಿಶೇಷಣ ಒಂದೇ ಆದರೂ ಅದರ ವ್ಯಾಕರಣ ಬೇರೆ ಬೇರೆ ಎಂಬುದನ್ನು ಈ ಟಿಪ್ಪಣಿಯಲ್ಲಿ ತೋರಿಸುತ್ತೇವೆ.

1860ರ ಭಾರತೀಯ ದಂಡ ಸಂಹಿತೆಯ 53ನೆಯ ಕಲಮು ಸೆರೆವಾಸವನ್ನು ಕಠಿಣ ಮತ್ತು ಸಾದಾ ಎಂದು ವಿಂಗಡಿಸಿ, ಕಠಿಣವೆಂದರೆ ಶ್ರಮದ ದುಡಿಮೆಯಿಂದ ಕೂಡಿದ್ದು ಎಂದು ವಿವರಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 4ನೆಯ ಕಲಮು ಈ ವಿಂಗಡಣೆಯನ್ನು ಉಳಿಸಿಕೊಂಡಿದೆ. ಕೆಳಗಿನ ಪ್ರಯೋಗಗಳನ್ನು ಗಮನಿಸಬಹುದು:

(1) ಮೂರು ತಿಂಗಳ ಕಠಿಣ ಸಜೆ
(2) ಎರಡು ವರ್ಷಗಳ ಸಾದಾ ಸಜೆ

ಅವಧಿಯಲ್ಲಿ (2) ದೀರ್ಘವಾದರೂ ‘ಕಠಿಣ’ ಎನಿಸಿಕೊಳ್ಳುವುದು (1) ಮಾತ್ರ. ಆದ್ದರಿಂದ ಇಲ್ಲಿ ‘ಕಠಿಣ’ವು ಪ್ರಮಾಣವಾಚಕವಲ್ಲ, ಪ್ರಕಾರವಾಚಕ. ಇದನ್ನು ಮೂರು ಪರೀಕ್ಷೆಗಳು ಸಮರ್ಥಿಸುತ್ತವೆ.

ಮೊದಲನೆಯದು ತರತಮ. ‘ಅತ್ಯಂತ ಕಠಿಣ ಶಿಕ್ಷೆ’ ಸಹಜ ಪ್ರಯೋಗ. ‘ಅತ್ಯಂತ ಕಠಿಣ ಸಜೆ’ ಎಂದೊಡನೆ ಪಾರಿಭಾಷಿಕ ಅರ್ಥ ಕಳಚಿಹೋಗುತ್ತದೆ. ಎರಡನೆಯದು ರೂಪ. ‘ಕಠಿಣವಾದ ಸಜೆ’, ‘ಸಜೆ ಕಠಿಣವಾಗಿದೆ’ ಎಂಬಲ್ಲಿ ಉಳಿಯುವುದು ಪ್ರಮಾಣದ ಅರ್ಥ ಮಾತ್ರ. ಪ್ರಕಾರದ ಅರ್ಥಕ್ಕೆ ನಾಮಪದಕ್ಕೆ ನೇರವಾಗಿ ಅಂಟಿದ ‘ಕಠಿಣ’ವೇ ಬೇಕು. ಮೂರನೆಯದು ವಿರುದ್ಧಪದ. ಪ್ರಮಾಣದ ‘ಕಠಿಣ’ಕ್ಕೆ ‘ಲಘು’ ಎದುರಾದರೆ, ಪ್ರಕಾರದ ‘ಕಠಿಣ’ಕ್ಕೆ ಎದುರಾಗುವುದು ‘ಸಾದಾ’.

ನೆರೆಯ ಭಾಷೆಗಳೊಡನೆ ಹೋಲಿಸಿದರೆ ಈ ಸಂದಿಗ್ಧದ ಮೂಲ ಸ್ಪಷ್ಟವಾಗುತ್ತದೆ. ಮರಾಠಿಯ ‘ಸಕ್ತಮಜುರಿ’ ಮತ್ತು ಹಿಂದಿಯ ‘ಸಶ್ರಮ ಕಾರಾವಾಸ’ ದುಡಿಮೆಯನ್ನು ಪದದೊಳಗೇ ಹೇಳುತ್ತವೆ. ತಮಿಳಿನ ‘ಕಡುಂಗಾವಲ್’ ಕನ್ನಡದಂತೆಯೇ ಕಾಠಿಣ್ಯವನ್ನಷ್ಟೇ ಸೂಚಿಸಿ ದುಡಿಮೆಯನ್ನು ಅಧ್ಯಾಹಾರಕ್ಕೆ ಬಿಡುತ್ತದೆ.

ಪಾರಸಿ ಮೂಲದ ‘ಸಜೆ’ ಕನ್ನಡದಲ್ಲಿ ಸೆರೆವಾಸಕ್ಕೆ ಸೀಮಿತವಾಗಿರುವುದರಿಂದ ‘ಕಠಿಣ ಸಜೆ’ಯಲ್ಲಿ ಗೊಂದಲ ಕಡಿಮೆ. ಅದರ ಸ್ಥಾನದಲ್ಲಿ ‘ಶಿಕ್ಷೆ’ ಬಂದಾಗ ಕಾನೂನಿನ ವರ್ಗೀಕರಣವು ಓದುಗರಿಗೆ ನ್ಯಾಯಾಧೀಶರ ಕೋಪದ ಅಳತೆಯಾಗಿ ಕೇಳಿಸುತ್ತದೆ. ಅಪರಾಧಿಯು ಸೆರೆಯಲ್ಲಿ ದುಡಿಯಬೇಕೆಂಬ ಮುಖ್ಯಾಂಶವು ಮರೆಯಾಗುತ್ತದೆ. ಆದಕಾರಣ ನಿಘಂಟುಗಳು ‘ಕಠಿಣ’ದ ಈ ಎರಡು ಅರ್ಥಗಳನ್ನು ಪ್ರತ್ಯೇಕವಾಗಿ, ಅವುಗಳ ವಿರುದ್ಧಪದಗಳೊಡನೆ ದಾಖಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.