ಡಬ್ಬಿ ಮೇಲೆ ‘ಲೆಫ್ಟ್’ ಅಂತಿದ್ದರೆ ಎಡಚರು ಹುಷಾರ್!

ಶ್ರೀರಂಗಪಟ್ಟಣ: ಗಾಳದ ರೀಲಿನ ಡಬ್ಬಿ ಮೇಲೆ ‘ಲೆಫ್ಟ್ ಹ್ಯಾಂಡ್’ ಎಂದು ಅಚ್ಚಾಗಿದ್ದರೆ ಅದು ಎಡಚರಿಗೆಂದೇ ಮಾಡಿದ ಮಾಲು ಅಂತ ಯಾರಿಗಾದರೂ ಅನ್ನಿಸುತ್ತೆ. ಅನ್ನಿಸಿದ್ದೇ ತಡ ದುಡ್ಡು ಎಣಿಸ್ತಾರೆ. ಮನೆಗೆ ತಂದ ಮೇಲೆ ತಲೆ ಮೇಲೆ ಕೈ. ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಆ ‘ಲೆಫ್ಟ್’ ಹೇಳುವುದು ಮನುಷ್ಯನ ಕೈಯನ್ನಲ್ಲ, ಹ್ಯಾಂಡಲ್ ಯಾವ ಪಕ್ಕಕ್ಕಿದೆ ಎಂಬುದನ್ನು.

ಈ ಪಾಠವನ್ನು ದುಡ್ಡು ಕೊಟ್ಟು ಕಲಿತವರು ಪಟ್ಟಣದ ಹಳೇ ಸೈಕಲ್ ಶಾಪಿನ ಯಜಮಾನರು. ವಯಸ್ಸು ಎಪ್ಪತ್ತು ದಾಟಿದೆ. ಹುಟ್ಟಾ ಎಡಚರು. ಎಂಟು ವರ್ಷದವರಿದ್ದಾಗಿನಿಂದ ಕಾವೇರಿ ದಂಡೆಯಲ್ಲಿ, ಸುತ್ತಲ ಕೆರೆಗಳಲ್ಲಿ ಗಾಳ ಹಾಕಿಕೊಂಡು ಬಂದವರು. ಹೆಸರು ಪತ್ರಿಕೇಲಿ ಬರಕೂಡದು ಎಂಬುದು ಅವರ ಷರತ್ತು. “ಮೀನ್ಗಳು ಓದ್ಬುಟ್ಟಾವು” ಅಂತ ನಗೆಯಾಡ್ತಾರೆ.

ಮನೇಲಿ ಎಡಗೈಲಿ ತುತ್ತು ಎತ್ತಿದರೆ ಅವ್ವ ಸೌಟಿನಲ್ಲಿ ಬಾರಿಸುತ್ತಿದ್ದಳಂತೆ. ಸ್ಲೇಟು ಬಳಪವೂ ಬಲಗೈಗೇ ಹೋಯಿತು. ಹೊಳೆ ದಂಡೆಯಲ್ಲಿ ಮಾತ್ರ ಕೇಳೋರಿರಲಿಲ್ಲ. ಬಿದಿರು ಗಳಕ್ಕೆ ದಾರ, ದಾರಕ್ಕೆ ಬೆಂಡು, ಕೊಕ್ಕೆಗೆ ಎರೆಹುಳು. “ಬಿದಿರ್ಗೆ ಎಡ ಬಲ ಗೊತ್ತಿಲ್ಲ ಕಣಪ್ಪಾ” ಅಂತಾರೆ. ಈಗಿನ ಫೈಬರ್ ಕೋಲಿಗೂ ಅಷ್ಟೆ. ಎಡಚರ ಕೋಲು ಅಂತ ಯಾರಾದರೂ ಹೆಚ್ಚು ಕಾಸು ಕೇಳಿದರೆ ಕೊಡಬೇಕಾದ್ದಿಲ್ಲ. ತಕರಾರು ಶುರುವಾಗೋದು ರೀಲಿನಿಂದ.

ರೀಲಿನಲ್ಲಿ ಮುಖ್ಯವಾಗಿ ಎರಡು ಜಾತಿ. ಕೋಲಿನ ಕೆಳಗೆ ನೇತಾಡುವುದು ಸ್ಪಿನ್ನಿಂಗ್ ರೀಲು. ಕೋಲಿನ ಬೆನ್ನ ಮೇಲೆ ಪುಟ್ಟ ರಾಟೆಯಂತೆ ಕೂರುವುದು ಬೇಟ್‌ಕಾಸ್ಟರ್. ಸ್ಪಿನ್ನಿಂಗ್ ರೀಲಿನ ಹ್ಯಾಂಡಲ್ಲನ್ನು ಸಾಮಾನ್ಯವಾಗಿ ಬಿಚ್ಚಿ ಆಚೆ ಪಕ್ಕಕ್ಕೆ ಹಾಕಬಹುದು. ಎಡಗೈಲಿ ಕೋಲು ಹಿಡಿಯುವವರು ಹ್ಯಾಂಡಲ್ಲನ್ನು ಬಲಕ್ಕೆ ತಂದುಕೊಂಡರೆ ಮುಗಿಯಿತು. ಹೊಸದಾಗಿ ಕಲಿಯುವ ಎಡಚ ಹುಡುಗರು ಇದನ್ನೇ ಕೊಳ್ಳಲಿ ಎಂಬುದು ಯಜಮಾನರ ಸಲಹೆ.

ಬೇಟ್‌ಕಾಸ್ಟರಿನಲ್ಲಿ ಈ ಸೌಕರ್ಯವಿಲ್ಲ. ಕಾರ್ಖಾನೆ ಕೂರಿಸಿದ ಪಕ್ಕವೇ ಕಾಯಂ. ಹಳೇ ಕಾಲದಿಂದ ಹೆಚ್ಚಿನವಕ್ಕೆ ಹ್ಯಾಂಡಲ್ ಬಲಕ್ಕೇ. ಇಲ್ಲೇ ತಮಾಷೆ ಇರೋದು. ಬಲಗೈಯವರು ಬಲಗೈಲಿ ಬೀಸಿ, ಕೋಲನ್ನು ಎಡಗೈಗೆ ದಾಟಿಸಿ, ಆಮೇಲೆ ಬಲಗೈಲಿ ಸುತ್ತಬೇಕು. ಎಡಚರು ಎಡಗೈಲಿ ಬೀಸಿ, ಕೋಲು ಅಲ್ಲೇ ಇರಲಿ ಅಂತ ಬಲಗೈಲಿ ಸುತ್ತುತ್ತಾ ಹೋಗಬಹುದು. ಅಂದರೆ ಲೋಕವೆಲ್ಲಾ ಬಲಗೈದು ಅಂದುಕೊಂಡ ರೀಲು ಎಡಚರಿಗೇ ಹೇಳಿ ಮಾಡಿಸಿದ್ದು! ನೂರಕ್ಕೆ ಸುಮಾರು 10 ಮಂದಿಯಷ್ಟೇ ಇರುವ ಎಡಚರಿಗೆ ಬಾಗಿಲ ಚಿಲಕದಿಂದ ಕತ್ತರಿವರೆಗೆ ಯಾವುದೂ ಒಗ್ಗದ ಈ ಪ್ರಪಂಚದಲ್ಲಿ ಇದೊಂದು ಅಪರೂಪದ ಲಾಭ.

ದುಬೈಯಲ್ಲಿದ್ದ ಅಳಿಯ ಇದನ್ನರಿಯದೆ “ನಮ್ಮ ಮಾವ ಎಡಚರು” ಎಂದು ಅಂಗಡಿಯಲ್ಲಿ ಹೇಳಿ ‘ಲೆಫ್ಟ್’ ಬೇಟ್‌ಕಾಸ್ಟರ್ ತಂದ. ಹ್ಯಾಂಡಲ್ ಎಡಕ್ಕೆ, ಕೋಲೂ ಎಡಗೈಲಿ! ಒಂದು ಸಂಜೆ ದೊಡ್ಡ ಕಾಟ್ಲಾ ಕಚ್ಚಿದಾಗ ಕೈ ಬದಲಾಯಿಸುವಷ್ಟರಲ್ಲಿ ದಾರ ಸಡಿಲಾಯಿತು, ಮೀನು ನೀರು ಪಾಲು. ಮಗಳ ಸಂಸಾರದ ಉಳಿತಾಯದಲ್ಲಿ ಬಂದ ರೀಲು ಅರ್ಧ ಬೆಲೆಗೆ ಹೋಯಿತು. ಮೀನಿಗಿಂತ ಆ ನೋವೇ ಹೆಚ್ಚು ಅಂತಾರೆ.

ಗುರುತು ಹಿಡಿಯೋದು ಕಷ್ಟವಲ್ಲ. ಸ್ವೀಡನ್ನಿನ ಆಬು, ಜಪಾನಿನ ಶಿಮಾನೊ ಕಂಪೆನಿಗಳ ಅನೇಕ ಬೇಟ್‌ಕಾಸ್ಟರ್‌ಗಳಲ್ಲಿ ನಂಬರಿನ ಕೊನೆಗೆ 1 ಇದ್ದರೆ ಹ್ಯಾಂಡಲ್ ಎಡಕ್ಕೆ. ಆಬುವಿನ 6500 ಬಲಕ್ಕೆ, 6501 ಎಡಕ್ಕೆ. ಅದಕ್ಕೂ ಸುಲಭ, ಅಂಗಡಿಯಲ್ಲೇ ಕೋಲಿಗೆ ಕಟ್ಟಿಸಿ ಬೀಸುವ ಕೈಲಿ ಹಿಡಿದು ನೋಡೋದು.

ಸ್ಪಿನ್ನಿಂಗ್ ರೀಲಿನ ಹ್ಯಾಂಡಲ್ ಬದಲಿಸುವಾಗ ಸೈಕಲ್ ಜ್ಞಾಪಕವಿರಲಿ. ಸೈಕಲ್ಲಿನ ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತೆ. ತಿರುಪಿನ ಹ್ಯಾಂಡಲ್ ಇರುವ ರೀಲುಗಳಲ್ಲೂ ಒಂದು ಪಕ್ಕ ನೇರ, ಇನ್ನೊಂದು ಪಕ್ಕ ಉಲ್ಟಾ. ತಿಳಿಯದೆ ಅದುಮಿ ತಿರುಗಿಸಿದರೆ ಥ್ರೆಡ್ ಕಿತ್ತು ಬರುತ್ತೆ.

ದಾರ ಕತ್ತರಿಸಲು ಉಗುರು ಕಟ್ಟರ್ ವಾಸಿ; ಅದಕ್ಕೆ ಎಡ ಬಲ ಇಲ್ಲ. ಜೋಡಿ ಹೋದಾಗ ನೀರಿಗೆ ಮುಖ ಮಾಡಿ ಎಡಚ ಎಡಕ್ಕೆ, ಬಲಗೈಯವನು ಬಲಕ್ಕೆ ನಿಲ್ಲಬೇಕು. ಅದಲು ಬದಲಾದರೆ ಕೋಲಿಗೆ ಕೋಲು, ಕೆಲವು ಸಲ ಕಿವಿಗೆ ಕೊಕ್ಕೆ. ಎಡಭುಜದ ಹಿಂದೆ ಮರವಿಲ್ಲದ ಜಾಗ ನೋಡಿಕೊಳ್ಳೋದು ಇನ್ನೂ ಮುಖ್ಯ. ಎಲ್ಲಿಯಾದರೂ ನಿಲ್ಲಲಿ, 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನ ಕಡೆ ಗಾಳ ಎತ್ತಿಕೊಂಡು ಹೋಗುವ ಹಾಗಿಲ್ಲ.

ಭಾನುವಾರ ಬೆಳಿಗ್ಗೆ ಶಾಪಿಗೆ ತಂದರೆ ಸ್ಪಿನ್ನಿಂಗ್ ರೀಲಿನ ಹ್ಯಾಂಡಲ್ಲನ್ನು ಯಜಮಾನರು ಬಿಟ್ಟಿಯಾಗಿ ಬದಲಿಸಿಕೊಡ್ತಾರೆ. ‘ಲೆಫ್ಟ್’ ಬೇಟ್‌ಕಾಸ್ಟರ್ ತಂದ ಎಡಚರಿಗೆ ಅವರಲ್ಲಿ ಟೀ ಮಾತ್ರ ಸಿಗುತ್ತೆ.